ಬೆಟ್ಟದ ಗಾಳಿ, ಬಯಲಿನ ಗಾಳಿ

(ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರ ಮೆಕ್ಯಾನಿಕಲ್ ವಿಭಾಗದ ಪ್ರಾಧ್ಯಾಪಕರು ಚಿತ್ರದುರ್ಗದಲ್ಲಿ ನೀಡಿದ ಸಾರ್ವಜನಿಕ ಉಪನ್ಯಾಸವನ್ನು ಅವರೇ ಪರಿಷ್ಕರಿಸಿ ಬರೆದುಕೊಟ್ಟ ರೂಪ)

ಮಾನ್ಯರೇ,

ಚಿತ್ರದುರ್ಗದ ಸುತ್ತಲಿನ ಬೆಟ್ಟಸಾಲುಗಳ ಮೇಲೆ ಗಾಳಿಯಂತ್ರಗಳು ಬಂದು ಎರಡು ದಶಕಗಳಿಗೂ ಹೆಚ್ಚು ಕಾಲವಾಯಿತು. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಹಿರಿಯೂರು ದಾಟಿ ಈ ಕಡೆ ಬರುವವರಿಗೆ ಕೋಟೆಗಿಂತ ಮೊದಲು ಕಾಣಿಸುವುದು ಬೆಟ್ಟದ ನೆತ್ತಿಯ ಮೇಲೆ ಸಾಲುಗಟ್ಟಿ ನಿಂತ ಈ ಬಿಳಿಯ ಕಂಬಗಳೇ. ಆದರೆ ಈಚಿನ ವರ್ಷಗಳಲ್ಲಿ ಒಂದು ಬದಲಾವಣೆ ಸದ್ದಿಲ್ಲದೆ ನಡೆದಿದೆ. ಹೊಸದಾಗಿ ಬರುತ್ತಿರುವ ಯಂತ್ರಗಳು ಬೆಟ್ಟ ಹತ್ತುವುದು ಕಡಿಮೆಯಾಗಿದೆ. ಅವು ಹೆಚ್ಚಾಗಿ ಬಯಲುಸೀಮೆಯ ಮೆಕ್ಕೆಜೋಳ, ಶೇಂಗಾ ಹೊಲಗಳ ನಡುವೆ, ಹಳೆಯ ಯಂತ್ರಗಳಿಗಿಂತ ಎರಡು ಮೂರು ಪಟ್ಟು ಎತ್ತರದ ಕಂಬಗಳ ಮೇಲೆ ನಿಲ್ಲುತ್ತಿವೆ. ಗಾಳಿ ಜೋರಾಗಿರುವುದು ಬೆಟ್ಟದ ಮೇಲೆ ಎಂದು ಎಲ್ಲರಿಗೂ ಗೊತ್ತಿರುವಾಗ ಯಂತ್ರಗಳು ಬಯಲಿಗೆ ಏಕೆ ಇಳಿದವು?

ಒಳ್ಳೆಯ ಬೆಟ್ಟಗಳೆಲ್ಲ ಭರ್ತಿಯಾದವು, ಅರಣ್ಯ ಜಮೀನಿಗೆ ಅನುಮತಿ ಸಿಗುವುದು ಕಷ್ಟವಾಯಿತು, ಅರುವತ್ತು ಮೀಟರ್ ಉದ್ದದ ರೆಕ್ಕೆಯನ್ನು ಹೊತ್ತ ಲಾರಿ ಬೆಟ್ಟದ ತಿರುವುಗಳಲ್ಲಿ ತಿರುಗುವುದಿಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ. ಇವೆಲ್ಲ ನಿಜವೇ. ಆದರೆ ಈ ತೊಡಕುಗಳು ಒಂದೂ ಇಲ್ಲದಿದ್ದರೂ ಯಂತ್ರಗಳು ಬಯಲಿಗೆ ಇಳಿದೇ ಇಳಿಯುತ್ತಿದ್ದವು ಎಂಬುದು ನನ್ನ ಅಭಿಪ್ರಾಯ. ಬೆಟ್ಟದ ಮೇಲೆ ಬೀಸುವುದೂ ಬಯಲಿನಲ್ಲಿ ಬೀಸುವುದೂ ಒಂದೇ ಮಾರುತವಾದರೂ, ನೆಲಕ್ಕೆ ಹತ್ತಿರದ ಇನ್ನೂರು ಮೀಟರುಗಳಲ್ಲಿ ಅವೆರಡರ ನಡವಳಿಕೆ ಬೇರೆ ಬೇರೆ. ಫ್ಲೂಯಿಡ್ ಮೆಕ್ಯಾನಿಕ್ಸ್, ಅಂದರೆ ಗಾಳಿ ನೀರುಗಳ ಹರಿವನ್ನು ಲೆಕ್ಕಕ್ಕೆ ತರುವ ವಿಜ್ಞಾನ, ಈ ಇನ್ನೂರು ಮೀಟರಿನ ಬಗ್ಗೆ ಏನು ಹೇಳುತ್ತದೆ, ನಮ್ಮಂಥವರು ಪ್ರಯೋಗಾಲಯದಲ್ಲಿ ಕೂತು ಅದರಲ್ಲಿ ಏನನ್ನು ಹುಡುಕುತ್ತೇವೆ ಎಂಬುದನ್ನು ಇಲ್ಲಿನ ನೆಲವನ್ನೇ ಮುಂದಿಟ್ಟುಕೊಂಡು ವಿವರಿಸುತ್ತೇನೆ.

ಮೊದಲು ಸ್ವಲ್ಪ ಲೆಕ್ಕ ಬೇಕಾಗುತ್ತದೆ. ಬೀಸುವ ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನವನ್ನು ಅನುಸರಿಸುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟಾಗುತ್ತದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರ್ ಗಾಳಿಯ ತೂಕ 1.225 ಕಿಲೋಗ್ರಾಂ. ಸಾವಿರ ಮೀಟರ್ ಎತ್ತರದ ನಮ್ಮ ಬೆಟ್ಟದ ನೆತ್ತಿಯಲ್ಲಿ, 25 ಡಿಗ್ರಿ ಉಷ್ಣತೆಯಲ್ಲಿ, ಅದು ಸುಮಾರು 1.05 ಕಿಲೋಗ್ರಾಮಿಗೆ ಇಳಿಯುತ್ತದೆ. ಅಂದರೆ ಸಮುದ್ರದಂಡೆಯ ಗಾಳಿಗೆ ಹೋಲಿಸಿದರೆ ದುರ್ಗದ ಗಾಳಿ ಹುಟ್ಟಿನಿಂದಲೇ ಶೇಕಡಾ 14ರಷ್ಟು ಬಡವ. ಈ ಗಾಳಿ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಬೀಸಿದಾಗ ಪ್ರತಿ ಚದರ ಮೀಟರಿನ ಮೂಲಕ ಹಾದುಹೋಗುವ ಶಕ್ತಿ ಸುಮಾರು 113 ವಾಟ್. 8 ಮೀಟರ್ ವೇಗದಲ್ಲಿ ಬೀಸಿದಾಗ 269 ವಾಟ್. ವೇಗದಲ್ಲಿ ಮೂರನೇ ಒಂದು ಭಾಗ ಹೆಚ್ಚಿದ್ದಕ್ಕೆ ಶಕ್ತಿ ಎರಡು ಪಟ್ಟನ್ನು ದಾಟಿತು. ಇದರ ಇನ್ನೊಂದು ಮುಖವೂ ಇದೆ. ಗಾಳಿಯ ವೇಗವನ್ನು ಅಂದಾಜು ಮಾಡುವಾಗ ಶೇಕಡಾ 10ರಷ್ಟು ಹೆಚ್ಚು ಬರೆದುಕೊಂಡವರು ವಿದ್ಯುತ್ತಿನ ಅಂದಾಜಿನಲ್ಲಿ ಶೇಕಡಾ 33ರಷ್ಟು ಎಡವುತ್ತಾರೆ. ಬ್ಯಾಂಕಿನ ಸಾಲದ ಕಂತು ಕಟ್ಟಬೇಕಾದವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಸರಾಸರಿ ವೇಗ ಎಂಬ ಮಾತಿನಲ್ಲಿಯೂ ಒಂದು ಮೋಸ ಅಡಗಿದೆ. ಇಡೀ ದಿನ ಒಂದೇ ಸಮನೆ 8 ಮೀಟರ್ ವೇಗದಲ್ಲಿ ಬೀಸಿದ ಗಾಳಿಗೂ, ಅರ್ಧ ದಿನ 4 ಮತ್ತು ಅರ್ಧ ದಿನ 12 ಮೀಟರ್ ವೇಗದಲ್ಲಿ ಬೀಸಿದ ಗಾಳಿಗೂ ಸರಾಸರಿ ಒಂದೇ. ಆದರೆ ಎರಡನೆಯದರಲ್ಲಿರುವ ಶಕ್ತಿ ಮೊದಲಿನದರ ಒಂದೂಮುಕ್ಕಾಲು ಪಟ್ಟು. ಆದ್ದರಿಂದ ಒಂದು ಜಾಗದ ಗಾಳಿಯನ್ನು ತಿಳಿಯಬೇಕಾದರೆ ಕನಿಷ್ಠ ಒಂದು ವರ್ಷವಾದರೂ ಅಲ್ಲಿ ಕಂಬ ನೆಟ್ಟು, ಹತ್ತು ಹತ್ತು ನಿಮಿಷಕ್ಕೊಮ್ಮೆ ವೇಗವನ್ನೂ ದಿಕ್ಕನ್ನೂ ದಾಖಲಿಸಲೇಬೇಕು. ಆಷಾಢದಲ್ಲಿ ಒಂದು ದಿನ ಬೆಟ್ಟ ಹತ್ತಿ ಪಂಚೆ ಹಾರಿಹೋಗುವ ಹಾಗೆ ಗಾಳಿ ಇದೆ ಎಂದು ತೀರ್ಮಾನಿಸಿದರೆ ಲೆಕ್ಕ ತಪ್ಪುತ್ತದೆ.

ಗಾಳಿಯಲ್ಲಿರುವ ಶಕ್ತಿಯೆಲ್ಲವೂ ನಮಗೆ ಸಿಗುವುದಿಲ್ಲ. ಎಲ್ಲವನ್ನೂ ಹೀರಿಕೊಂಡರೆ ಗಾಳಿ ಯಂತ್ರದ ಹಿಂದೆಯೇ ನಿಂತುಬಿಡುತ್ತದೆ, ಹೊಸ ಗಾಳಿ ಬರಲು ದಾರಿ ಇರುವುದಿಲ್ಲ. ಗಾಳಿಯ ವೇಗವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ಬಿಟ್ಟಾಗ ಅತಿ ಹೆಚ್ಚು ಶಕ್ತಿ ದಕ್ಕುತ್ತದೆ, ಆಗ ಸಿಗುವುದು ಹದಿನಾರು ಇಪ್ಪತ್ತೇಳಾಂಶ, ಅಂದರೆ ಶೇಕಡಾ 59.3 ಎಂದು ಜರ್ಮನಿಯ ಗಟಿಂಗೆನ್‌ನಲ್ಲಿದ್ದ ಆಲ್ಬರ್ಟ್ ಬೆಟ್ಸ್ 1920ರಲ್ಲಿ ತೋರಿಸಿಕೊಟ್ಟರು. ಇಂಗ್ಲೆಂಡಿನ ಲ್ಯಾಂಚೆಸ್ಟರ್ 1915ರಲ್ಲಿಯೇ ಇದೇ ತೀರ್ಮಾನಕ್ಕೆ ಬಂದಿದ್ದರೂ ಹೆಸರು ಉಳಿದದ್ದು ಬೆಟ್ಸ್ ಅವರದು. ಇಂದಿನ ಒಳ್ಳೆಯ ಯಂತ್ರಗಳು ಶೇಕಡಾ 45ರ ಆಸುಪಾಸು ಹಿಡಿಯುತ್ತವೆ. 50 ಮೀಟರ್ ಉದ್ದದ ರೆಕ್ಕೆಗಳು ಸುತ್ತುವ ವೃತ್ತದ ವಿಸ್ತೀರ್ಣ ಸುಮಾರು 7,850 ಚದರ ಮೀಟರ್, ಅಂದರೆ ಎರಡು ಎಕರೆಗೆ ಸ್ವಲ್ಪ ಕಡಿಮೆ. 8 ಮೀಟರ್ ವೇಗದ ನಮ್ಮ ಗಾಳಿಯಲ್ಲಿ ಅಷ್ಟು ಜಾಗದ ಮೂಲಕ 2.1 ಮೆಗಾವಾಟ್ ಹಾದುಹೋಗುತ್ತದೆ. ಅದರಲ್ಲಿ ಯಂತ್ರ ಹಿಡಿಯುವುದು ಸುಮಾರು 950 ಕಿಲೋವಾಟ್. ಯಂತ್ರವನ್ನು ಇನ್ನಷ್ಟು ಜಾಣವಾಗಿಸಿ ಗಳಿಸಬಹುದಾದದ್ದು ಇನ್ನು ಹೆಚ್ಚು ಉಳಿದಿಲ್ಲ. ಗಳಿಕೆ ಇರುವುದು ಎಲ್ಲಿ ನಿಲ್ಲಿಸಬೇಕು, ಎಷ್ಟು ಎತ್ತರಕ್ಕೆ ನಿಲ್ಲಿಸಬೇಕು ಎಂಬುದರಲ್ಲಿ.

ಈಗ ಬೆಟ್ಟಕ್ಕೆ ಬರೋಣ. ಚಿತ್ರದುರ್ಗದ ಬೆಟ್ಟಸಾಲು ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಚಾಚಿಕೊಂಡಿದೆ. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದ ಕಡೆಯಿಂದ ಬರುವುದರಿಂದ ಬೆಟ್ಟಗಳು ಅದಕ್ಕೆ ಹೆಚ್ಚುಕಡಿಮೆ ಅಡ್ಡಲಾಗಿ ನಿಂತಿವೆ. ಅಡ್ಡ ಬಂದ ಬೆಟ್ಟವನ್ನು ಏರಿ ದಾಟುವ ಗಾಳಿ ನೆತ್ತಿಯ ಬಳಿ ಇಕ್ಕಟ್ಟಾದ ಜಾಗದಲ್ಲಿ ನುಗ್ಗಬೇಕಾಗುವುದರಿಂದ ಅದರ ವೇಗ ಹೆಚ್ಚುತ್ತದೆ. ಎಷ್ಟು ಹೆಚ್ಚುತ್ತದೆ ಎಂಬುದಕ್ಕೆ 1975ರಲ್ಲಿ ಜಾಕ್ಸನ್ ಮತ್ತು ಹಂಟ್ ಒಂದು ಸಿದ್ಧಾಂತವನ್ನು ಕೊಟ್ಟರು. ಅದರಿಂದ ಹೊರಟ ಸರಳ ಸೂತ್ರದ ಪ್ರಕಾರ ಉದ್ದನೆಯ ಬೆಟ್ಟಸಾಲಿನ ನೆತ್ತಿಯಲ್ಲಿ, ನೆಲಕ್ಕೆ ಹತ್ತಿರದಲ್ಲಿ, ವೇಗದ ಹೆಚ್ಚಳವು ಬೆಟ್ಟದ ಎತ್ತರವನ್ನು ಅದರ ಅರೆ-ಅಗಲದಿಂದ (ನೆತ್ತಿಯಿಂದ ಬೆಟ್ಟ ಅರ್ಧ ಎತ್ತರಕ್ಕಿಳಿಯುವ ಜಾಗದವರೆಗಿನ ದೂರದಿಂದ) ಭಾಗಿಸಿ ಎರಡರಿಂದ ಗುಣಿಸಿದಷ್ಟು. ನೂರು ಮೀಟರ್ ಎತ್ತರದ, ನೆತ್ತಿಯಿಂದ ನಾನೂರು ಮೀಟರ್ ದೂರಕ್ಕೆ ಅರ್ಧ ಎತ್ತರಕ್ಕಿಳಿಯುವ ಬೆಟ್ಟವಾದರೆ ಗಾಳಿಯ ವೇಗ ಅರ್ಧದಷ್ಟು ಹೆಚ್ಚುತ್ತದೆ; ಬಯಲಿನಲ್ಲಿ 6 ಮೀಟರ್ ಇದ್ದದ್ದು ನೆತ್ತಿಯಲ್ಲಿ 9 ಆಗುತ್ತದೆ, ಶಕ್ತಿ ಮೂರು ಪಟ್ಟನ್ನು ಮೀರುತ್ತದೆ. ಇದು ಕೇವಲ ಕಾಗದದ ಮೇಲಿನ ಮಾತಲ್ಲ. ಸ್ಕಾಟ್ಲೆಂಡಿನ ಸೌತ್ ಯೂಯಿಸ್ಟ್ ದ್ವೀಪದ ಆಸ್ಕರ್‌ವೈನ್ ಎಂಬ 116 ಮೀಟರಿನ ಗುಡ್ಡದ ಮೇಲೆ 1982 ಮತ್ತು 1983ರಲ್ಲಿ ಸಾಲು ಸಾಲು ಕಂಬಗಳನ್ನು ನೆಟ್ಟು ಅಳೆದಾಗ ನೆತ್ತಿಯಲ್ಲಿ ವೇಗ ಹೆಚ್ಚುಕಡಿಮೆ ಶೇಕಡಾ 80ರಷ್ಟು ಹೆಚ್ಚಿದ್ದುದು ಕಂಡುಬಂದಿತು. ಬೆಟ್ಟದ ಗಾಳಿಯನ್ನು ಓದುವವರಿಗೆಲ್ಲ ಇಂದಿಗೂ ಆ ಗುಡ್ಡವೇ ಒರೆಗಲ್ಲು. ನಮ್ಮ ಜೋಗಿಮಟ್ಟಿಯ ಮೇಲೆ ನಿಂತವರಿಗೆ ಈ ಸೂತ್ರವನ್ನು ಹೇಳಿ ನಂಬಿಸಬೇಕಾಗಿಲ್ಲ.

ಆದರೆ ಆಸ್ಕರ್‌ವೈನ್ ಹುಲ್ಲು ಹೊದ್ದ ನುಣುಪಾದ ಗುಡ್ಡ. ನಮ್ಮ ಬೆಟ್ಟಗಳಲ್ಲಿ ಬಂಡೆಗಳಿವೆ, ಮುಳ್ಳುಪೊದೆಗಳಿವೆ, ಕೆಲವು ಕಡೆ ಗೋಡೆಯಂಥ ಇಳಿಜಾರುಗಳಿವೆ. ಇಳಿಜಾರು ಹದಿನೇಳು ಹದಿನೆಂಟು ಡಿಗ್ರಿಯನ್ನು ಮೀರಿದಾಗ ಗಾಳಿ ಬೆಟ್ಟದ ಹಿಂಬದಿಯ ಮೈಯನ್ನು ತಬ್ಬಿಕೊಂಡು ಇಳಿಯಲಾರದೆ ಕಳಚಿಕೊಳ್ಳುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಗಾಳಿಸುರಂಗವೊಂದಿದೆ. ಅದರೊಳಗೆ ಥರ್ಮಾಕೋಲಿನಲ್ಲಿ ಕೊರೆದು ಮರಳುಕಾಗದ ಅಂಟಿಸಿದ ಬೆಟ್ಟದ ಮಾದರಿಯನ್ನಿಟ್ಟು, ಅದರ ಮೈಮೇಲೆ ಬೆರಳುದ್ದದ ಉಣ್ಣೆನೂಲಿನ ಎಳೆಗಳನ್ನು ಒಂದೊಂದಾಗಿ ಅಂಟಿಸುತ್ತೇವೆ. ಫ್ಯಾನು ಹಾಕಿದಾಗ ಗಾಳಿಗೆ ಎದುರಾದ ಮುಖದ ಮೇಲಿನ ಎಳೆಗಳು ಬಾಚಿದ ಕೂದಲಿನಂತೆ ನೆತ್ತಿಯ ಕಡೆಗೆ ನೇರವಾಗಿ ಮಲಗುತ್ತವೆ. ನೆತ್ತಿ ದಾಟಿದ ಕೂಡಲೇ ಚಿತ್ರ ಕೆಡುತ್ತದೆ. ಅಲ್ಲಿನ ಎಳೆಗಳು ಮೊದಲು ನಡುಗುತ್ತವೆ, ಅಕ್ಕಪಕ್ಕ ಹೊರಳುತ್ತವೆ, ಕೊನೆಗೆ ಕೆಲವು ಹಿಂದಕ್ಕೆ ತಿರುಗಿ ಬೆಟ್ಟವನ್ನು ಕೆಳಗಿನಿಂದ ಮೇಲಕ್ಕೆ ತೋರಿಸತೊಡಗುತ್ತವೆ. ಮೇಲೆ ಗಾಳಿ ಪೂರ್ವಕ್ಕೆ ಓಡುತ್ತಿದ್ದರೆ ಅದರ ಅಡಿಯಲ್ಲಿ, ಬೆಟ್ಟದ ಹಿಂಬದಿಯಲ್ಲಿ, ಗಾಳಿ ಪಶ್ಚಿಮಕ್ಕೆ ಬೀಸುತ್ತಿರುತ್ತದೆ. ಆ ಸುಳಿ ಒಂದೇ ಕಡೆ ನಿಲ್ಲುವುದೂ ಇಲ್ಲ. ಬೆಳೆಯುತ್ತದೆ, ಹರಿದುಹೋಗುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ. ನೆತ್ತಿಯಿಂದ ಸ್ವಲ್ಪವೇ ಹಿಂದಕ್ಕೆ, ದಾರಿ ಚೆನ್ನಾಗಿದೆಯೆಂಬ ಕಾರಣಕ್ಕೆ, ಯಂತ್ರವನ್ನು ನಿಲ್ಲಿಸಿದರೆ ಅದರ ಕೆಳಗಿನ ರೆಕ್ಕೆ ಈ ಸುಳಿಯೊಳಗೂ ಮೇಲಿನ ರೆಕ್ಕೆ ಓಡುವ ಗಾಳಿಯಲ್ಲೂ ಇರುವ ಪರಿಸ್ಥಿತಿ ಬರುತ್ತದೆ. ಅಂಥ ಯಂತ್ರದಲ್ಲಿ ವಿದ್ಯುತ್ತು ಕಡಿಮೆಯಾಗುವುದು ಮೊದಲ ನಷ್ಟ; ಗೇರ್‌ಬಾಕ್ಸು, ಬೇರಿಂಗುಗಳು ಅವಧಿಗೆ ಮುನ್ನ ಸವೆಯುವುದು ಅದಕ್ಕಿಂತ ದೊಡ್ಡ ನಷ್ಟ.

ಯಂತ್ರಗಳ ಜಾಗ ಗುರುತಿಸಲು ದಶಕಗಳ ಕಾಲ ಬಳಕೆಯಲ್ಲಿದ್ದ ಗಣಕ ಕಾರ್ಯಕ್ರಮಗಳು, ಡೆನ್ಮಾರ್ಕಿನ ವಾಸ್ಪ್ ಅದರಲ್ಲಿ ಪ್ರಸಿದ್ಧ, ಈ ಕಳಚಿಕೊಳ್ಳುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವು ಮೃದುವಾದ ಏರಿಳಿತಗಳ ದೇಶದಲ್ಲಿ ಹುಟ್ಟಿದವು. ಕಡಿದಾದ ಬೆಟ್ಟಗಳ ಮೇಲೆ ಅವು ಗಾಳಿಯನ್ನು ಇರುವುದಕ್ಕಿಂತ ಹೆಚ್ಚೆಂದು ಹೇಳುವ ಸಂಭವವೇ ಜಾಸ್ತಿ. ಈಗ ಸುಳಿಗಳನ್ನು ಒಂದೊಂದಾಗಿ ಹಿಂಬಾಲಿಸುವ ಲೆಕ್ಕಾಚಾರಗಳು ಸಾಧ್ಯವಾಗಿವೆ, ಆದರೆ ಒಂದು ಬೆಟ್ಟದ ಒಂದು ಗಂಟೆಯ ಗಾಳಿಯನ್ನು ಹಾಗೆ ಲೆಕ್ಕ ಹಾಕಲು ದೊಡ್ಡ ಕಂಪ್ಯೂಟರುಗಳೇ ದಿನಗಟ್ಟಲೆ ತೆಗೆದುಕೊಳ್ಳಬಹುದು. ಕಡಿಮೆ ಲೆಕ್ಕದಲ್ಲಿ ಕಳಚುವ ಜಾಗವನ್ನು ಸರಿಯಾಗಿ ಹೇಳುವ ದಾರಿ ಯಾವುದು ಎಂಬುದರ ಮೇಲೆ ನಮ್ಮಂತೆ ಎಷ್ಟೋ ಕಡೆ ಕೆಲಸ ನಡೆಯುತ್ತಿದೆ. ಥರ್ಮಾಕೋಲಿನ ಬೆಟ್ಟ ಈ ಕಾರಣಕ್ಕಾಗಿಯೇ ಇನ್ನೂ ನಮ್ಮ ಮೇಜಿನ ಮೇಲಿದೆ.

ಇನ್ನು ಬಯಲು. ನೆಲವನ್ನು ಮುಟ್ಟುವ ಗಾಳಿಯ ವೇಗ ಸೊನ್ನೆ. ಮೇಲೇರಿದಂತೆ ಅದು ಹೆಚ್ಚುತ್ತಾ ಹೋಗುತ್ತದೆ. ಘರ್ಷಣೆಯ ಪರಿಣಾಮವೆಲ್ಲ ಮೈಗೆ ಅಂಟಿದ ಒಂದು ಪದರಕ್ಕೆ ಸೀಮಿತವಾಗಿರುತ್ತದೆ ಎಂದು ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ ಹೈಡೆಲ್‌ಬರ್ಗಿನ ಗಣಿತಜ್ಞರ ಸಮ್ಮೇಳನದಲ್ಲಿ ಮಂಡಿಸಿದರು. ಆ ಗಡಿಪದರದ ಕಲ್ಪನೆಯೇ ಇಡೀ ಆಧುನಿಕ ಫ್ಲೂಯಿಡ್ ಮೆಕ್ಯಾನಿಕ್ಸಿನ ಬುನಾದಿ. ನಮ್ಮ ನಾಡಿಗೂ ಈ ವಿಷಯಕ್ಕೂ ಹಳೆಯ ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಮತ್ತು ಅವರ ಶಿಷ್ಯ ರೊದ್ದಂ ನರಸಿಂಹ ಅವರು ಗಡಿಪದರದೊಳಗೆ ಶಾಂತ ಹರಿವು ಪ್ರಕ್ಷುಬ್ಧ ಹರಿವಾಗಿ ಬದಲಾಗುವ ಬಗೆಯನ್ನು ಕುರಿತು 1958ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಈಗಲೂ ಉಲ್ಲೇಖಿಸಲಾಗುತ್ತದೆ. ವಿಮಾನದ ರೆಕ್ಕೆಯ ಮೇಲೆ ಈ ಪದರದ ದಪ್ಪ ಮಿಲಿಮೀಟರು, ಸೆಂಟಿಮೀಟರುಗಳಲ್ಲಿ. ಭೂಮಿಯ ಮೇಲೆ ಅದು ಹಗಲಿನಲ್ಲಿ ಒಂದು ಕಿಲೋಮೀಟರಿಗೂ ಮೇಲೆ ಬೆಳೆಯುತ್ತದೆ.

ಕಣದಲ್ಲಿ ರಾಶಿ ತೂರುವವರು ಎತ್ತರದ ಮೇಟು ಹತ್ತಿ ನಿಲ್ಲುತ್ತಿದ್ದುದು ಈ ಪದರದ ಏರಿಕೆಯನ್ನು ಬಲ್ಲವರ ಕೆಲಸವೇ. ಬಯಲಿನಲ್ಲಿ ವೇಗವು ಎತ್ತರದ ಏಳನೇ ಒಂದು ಘಾತವನ್ನು ಅನುಸರಿಸುತ್ತದೆ ಎಂಬ ಹಳೆಯ ನಿಯಮವನ್ನು ಹಿಡಿದರೆ, 50 ಮೀಟರಿನಿಂದ 120 ಮೀಟರಿಗೆ ಏರಿದಾಗ ವೇಗ ಶೇಕಡಾ 13ರಷ್ಟೂ ಶಕ್ತಿ ಶೇಕಡಾ 45ರಷ್ಟೂ ಹೆಚ್ಚುತ್ತದೆ. ಬೆಟ್ಟದ ನೆತ್ತಿಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಬೆಟ್ಟ ಕೊಡುವ ಹೆಚ್ಚಳ ನೆಲದ ಹತ್ತಿರದಲ್ಲೇ ಅತಿ ಹೆಚ್ಚು. ಮೇಲೇರಿದಂತೆ ಅದು ಕರಗುತ್ತದೆ. ಒಂದು ಕಡೆ ಎತ್ತರದಿಂದ ಬರುವ ಏರಿಕೆ, ಇನ್ನೊಂದು ಕಡೆ ಬೆಟ್ಟದ ಕೊಡುಗೆಯ ಇಳಿಕೆ, ಇವೆರಡೂ ಸೇರಿ ನೆತ್ತಿಯ ಮೇಲೆ ಮೂವತ್ತು ಮೀಟರಿನಲ್ಲೂ ನೂರು ಮೀಟರಿನಲ್ಲೂ ಗಾಳಿ ಹೆಚ್ಚುಕಡಿಮೆ ಒಂದೇ ಆಗಿರಬಹುದು, ಕೆಲವು ಕಡೆ ಮೇಲೆ ಕಡಿಮೆಯೂ ಆಗಬಹುದು. ಮೊದಲ ತಲೆಮಾರಿನ ಯಂತ್ರಗಳಿಗೆ ಕಂಬ ಗಿಡ್ಡವಿತ್ತು, ಆದ್ದರಿಂದ ಬೆಟ್ಟ ಬೇಕಿತ್ತು. ಕಂಬಕ್ಕೆ ನೂರು ನೂರಿಪ್ಪತ್ತು ಮೀಟರ್ ಎತ್ತರ ಬಂದ ಮೇಲೆ ಬೆಟ್ಟ ಮಾಡುತ್ತಿದ್ದ ಕೆಲಸದ ಬಹುಭಾಗವನ್ನು ಕಂಬವೇ ಮಾಡತೊಡಗಿತು. ನಾನು ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇದು.

ದೇಶದ ಪವನಶಕ್ತಿಯ ಅಂದಾಜುಗಳು ಏರುತ್ತಾ ಬಂದ ಬಗೆಯೂ ಇದನ್ನೇ ತೋರಿಸುತ್ತದೆ. ಚೆನ್ನೈನ ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯ ಅಂದಾಜು 50 ಮೀಟರ್ ಎತ್ತರಕ್ಕೆ 49 ಗಿಗಾವಾಟ್ ಇದ್ದದ್ದು, 100 ಮೀಟರಿಗೆ 302, 120 ಮೀಟರಿಗೆ 695, 150 ಮೀಟರಿಗೆ 1,164 ಗಿಗಾವಾಟ್ ಆಯಿತು. ಕರ್ನಾಟಕದ ಪಾಲು 120 ಮೀಟರಿನಲ್ಲಿ 124, 150 ಮೀಟರಿನಲ್ಲಿ 169 ಗಿಗಾವಾಟ್. ಅಳೆಯುವ ವಿಧಾನ, ಜಮೀನಿನ ಲೆಕ್ಕ ಎಲ್ಲವೂ ಈ ನಡುವೆ ಬದಲಾಗಿರುವುದರಿಂದ ಏರಿಕೆಯೆಲ್ಲವನ್ನೂ ಎತ್ತರದ ಖಾತೆಗೆ ಹಾಕುವಂತಿಲ್ಲ. ಆದರೂ ಐವತ್ತು ಮೀಟರಿನಲ್ಲಿ ಲಾಭವಿಲ್ಲವೆಂದು ಬಿಟ್ಟಿದ್ದ ವಿಸ್ತಾರವಾದ ಬಯಲುಗಳು ಎತ್ತರ ಹೆಚ್ಚಿದಾಗ ಲೆಕ್ಕದೊಳಗೆ ಬಂದವು ಎಂಬುದರಲ್ಲಿ ಸಂದೇಹವಿಲ್ಲ.

ಬಯಲಿಗೆ ಬಯಲಿನದೇ ತೊಡಕುಗಳಿವೆ. ಹಗಲಿನಲ್ಲಿ ಬಿಸಿಲಿಗೆ ಕಾದ ನೆಲದಿಂದ ಗಾಳಿ ಮೇಲೇಳುತ್ತಾ, ಮೇಲಿನದು ಕೆಳಗಿಳಿಯುತ್ತಾ ಪದರವೆಲ್ಲ ಕಲಸಿಹೋಗಿರುತ್ತದೆ. ಆಗ ಕೆಳಗೂ ಮೇಲೂ ವೇಗದ ವ್ಯತ್ಯಾಸ ಕಡಿಮೆ. ಸೂರ್ಯ ಮುಳುಗಿ ನೆಲ ತಣ್ಣಗಾದ ಮೇಲೆ ತಂಪಾದ ಭಾರದ ಗಾಳಿ ನೆಲದಲ್ಲಿ ಕೂತುಬಿಡುತ್ತದೆ, ಮೇಲಿನ ಗಾಳಿಗೆ ನೆಲದ ಹಿಡಿತ ತಪ್ಪುತ್ತದೆ, ಅದು ಇನ್ನಷ್ಟು ಜೋರಾಗುತ್ತದೆ. ಹಳ್ಳಿಗಳಲ್ಲಿ ನನಗೆ ಹಲವರು ಕೇಳಿದ್ದಾರೆ: “ಸಾರ್, ರಾತ್ರಿ ಹೊಲದಲ್ಲಿ ಒಂದು ಎಲೆ ಅಲ್ಲಾಡಲ್ಲ, ಮೇಲೆ ಫ್ಯಾನು ಮಾತ್ರ ತಿರುಗ್ತಿರುತ್ತೆ. ಕರೆಂಟ್ ಕೊಟ್ಟು ತಿರುಗಿಸ್ತಾರಾ?” ಅವರು ಕಂಡದ್ದು ಸರಿಯಾಗಿಯೇ ಇದೆ. ಅಂಥ ರಾತ್ರಿಗಳಲ್ಲಿ ಏಳನೇ ಒಂದು ಘಾತದ ನಿಯಮ ನಡೆಯುವುದಿಲ್ಲ, ಘಾತಾಂಕ 0.3ರಷ್ಟಕ್ಕೆ ಏರಬಹುದು. ನೂರು ಮೀಟರ್ ಎತ್ತರದ ಕಂಬಕ್ಕೆ ಐವತ್ತು ಮೀಟರ್ ರೆಕ್ಕೆಗಳಿದ್ದರೆ ವೃತ್ತದ ತಳದಲ್ಲಿ ಗಾಳಿ 6 ಮೀಟರ್ ವೇಗದಲ್ಲಿದ್ದಾಗ ತುದಿಯಲ್ಲಿ 8.3 ಮೀಟರ್ ವೇಗದಲ್ಲಿರುತ್ತದೆ, ಪ್ರತಿಯೊಂದು ರೆಕ್ಕೆಯೂ ಸುತ್ತಿಗೊಮ್ಮೆ ಈ ಎರಡರ ನಡುವೆ ಹಾಯಬೇಕು. ರಾತ್ರಿ ಕೇಳಿಬರುವ ಹೂಸ್ ಹೂಸ್ ಎಂಬ ಏರಿಳಿತದ ಸದ್ದಿಗೂ ಈ ವ್ಯತ್ಯಾಸವೇ ಒಂದು ಮುಖ್ಯ ಕಾರಣ. ಕೆಳಗೆ ಗಾಳಿಯ ಸದ್ದಿಲ್ಲದಿರುವುದರಿಂದ ಅದು ಇನ್ನೂ ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ. ಮನೆಗಳಿಂದ ಇಷ್ಟು ಮೀಟರ್ ದೂರವಿದ್ದರೆ ಸಾಕು ಎಂಬ ನಿಯಮವನ್ನು ಹಗಲಿನ ಸದ್ದನ್ನು ಅಳೆದು ಮಾಡಿದ್ದರೆ ಅದು ಸಾಲದು ಎಂದು ನಾನು ತಿಳಿದಿದ್ದೇನೆ.

ರಾತ್ರಿಯ ಈ ಗಾಳಿ ಇನ್ನೊಂದು ದೃಷ್ಟಿಯಿಂದ ನಮಗೆ ಅನುಕೂಲವೇ. ನೆರೆಯ ಪಾವಗಡದ 2,050 ಮೆಗಾವಾಟಿನ ಸೌರ ಪಾರ್ಕು ಸಂಜೆಗೆ ಕೆಲಸ ನಿಲ್ಲಿಸುವ ಹೊತ್ತಿಗೆ ಬಯಲಿನ ಎತ್ತರದ ಯಂತ್ರಗಳು ಚುರುಕಾಗುತ್ತವೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದು ಬಿಸಿಲು ಕುಗ್ಗಿದಾಗಲೂ ಗಾಳಿ ತುಂಬಿರುತ್ತದೆ. ಎರಡನ್ನೂ ಒಂದೇ ತಂತಿಗೆ ಜೋಡಿಸಿದರೆ ಆ ತಂತಿ ಖಾಲಿ ಬಿದ್ದಿರುವ ಹೊತ್ತು ಕಡಿಮೆಯಾಗುತ್ತದೆ.

ಇಲ್ಲಿ ರೆಕ್ಕೆಯ ಬಗ್ಗೆಯೂ ಒಂದಿಷ್ಟು ಹೇಳಬೇಕು, ಏಕೆಂದರೆ ಪ್ರಯೋಗಾಲಯದ ಮಾದರಿಗಳನ್ನು ಎಷ್ಟು ನಂಬಬಹುದು ಎಂಬುದು ಅದರಿಂದ ತಿಳಿಯುತ್ತದೆ. ಹರಿವಿನ ಸ್ವಭಾವವನ್ನು ನಿರ್ಧರಿಸುವುದು ರೆನಾಲ್ಡ್ಸ್ ಸಂಖ್ಯೆ, ಅಂದರೆ ಹರಿವಿನ ವೇಗವನ್ನೂ ವಸ್ತುವಿನ ಅಳತೆಯನ್ನೂ ಗುಣಿಸಿ ಗಾಳಿಯ ಅಥವಾ ನೀರಿನ ಜಿಗುಟುತನದಿಂದ ಭಾಗಿಸಿದಾಗ ಬರುವ ಸಂಖ್ಯೆ. ಮ್ಯಾಂಚೆಸ್ಟರಿನಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯ ನೀರಿನಲ್ಲಿ ಬಣ್ಣದ ಎಳೆಯನ್ನು ಹರಿಯಬಿಟ್ಟು ಅದು ಒಡೆಯುವುದನ್ನು ನೋಡಿ 1883ರಲ್ಲಿ ಪ್ರಕಟಿಸಿದ ಕೆಲಸದಿಂದ ಬಂದ ಸಂಖ್ಯೆ ಅದು. ದೊಡ್ಡ ಯಂತ್ರದ ಎರಡು ಮೀಟರ್ ಅಗಲದ ರೆಕ್ಕೆಯ ಭಾಗ ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಗಾಳಿಯನ್ನು ಸೀಳುವಾಗ ಈ ಸಂಖ್ಯೆ ಎಪ್ಪತ್ತು ಲಕ್ಷವನ್ನು ದಾಟುತ್ತದೆ. ನಮ್ಮ ಸುರಂಗದೊಳಗಿನ ಮೂರು ಸೆಂಟಿಮೀಟರ್ ಅಗಲದ ಮಾದರಿಗೆ ಅದು ನಲವತ್ತು ಸಾವಿರವನ್ನೂ ಮುಟ್ಟುವುದಿಲ್ಲ. ಸಣ್ಣ ಮಾದರಿಯ ಮೇಲಿನ ಗಡಿಪದರ ಬೇಗ ಕಳಚಿಕೊಳ್ಳುತ್ತದೆ, ದೊಡ್ಡದರ ಮೇಲೆ ಅಂಟಿಕೊಂಡಿರುತ್ತದೆ. ಬಂಡೆಗಳಿಂದ ಒರಟಾದ ಬೆಟ್ಟದ ಮಾದರಿಗೆ ಈ ಅಂತರ ಅಷ್ಟಾಗಿ ಬಾಧಿಸುವುದಿಲ್ಲ, ನುಣುಪಾದ ರೆಕ್ಕೆಗೆ ಬಾಧಿಸುತ್ತದೆ. ಹಾಗಾಗಿ ನಾವು ಬೆಟ್ಟವನ್ನು ಸುರಂಗದಲ್ಲಿಟ್ಟು ಅಳೆಯುತ್ತೇವೆ, ರೆಕ್ಕೆಯ ವಿಷಯದಲ್ಲಿ ದೊಡ್ಡ ಸುರಂಗಗಳ ಅಂಕಿಗಳನ್ನೇ ನೆಚ್ಚಿಕೊಳ್ಳುತ್ತೇವೆ.

ರೆಕ್ಕೆಯ ಅಂಚು ಎಷ್ಟು ನಾಜೂಕು ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಒಂದು ಪ್ರಸಂಗವಿದೆ. ಅಲ್ಲಿನ ಕೆಲವು ಹಳೆಯ ಯಂತ್ರಗಳು ಜೋರುಗಾಳಿಯಲ್ಲಿ ಒಂದು ದಿನ ಪೂರ್ತಿ ವಿದ್ಯುತ್ತು ಕೊಟ್ಟರೆ ಇನ್ನೊಂದು ದಿನ ಅದೇ ಗಾಳಿಯಲ್ಲಿ ಅರ್ಧದಷ್ಟೇ ಕೊಡುತ್ತಿದ್ದವು. ಗಾಳಿ ಮಂದವಿದ್ದಾಗ ಹಾರಾಡುವ ಕೀಟಗಳು ರೆಕ್ಕೆಯ ಮುಂಚೂಣಿಗೆ ಬಡಿದು ಅಂಟಿಕೊಂಡು, ಮುಂದೆ ಜೋರುಗಾಳಿ ಬಂದಾಗ ಆ ಒರಟುತನವೇ ಹರಿವನ್ನು ಕಳಚಿಬಿಡುತ್ತಿತ್ತು ಎಂದು ಕಾರ್ಟನ್ ಮತ್ತು ವೆಲ್ಡ್‌ಕಾಂಪ್ 2001ರಲ್ಲಿ ತೋರಿಸಿದರು. ಮಳೆ ಬಂದು ರೆಕ್ಕೆ ತೊಳೆದರೆ ವಿದ್ಯುತ್ತು ಮರಳುತ್ತಿತ್ತು. ಬೇಸಿಗೆಯ ತಿಂಗಳುಗಳ ಚಳ್ಳಕೆರೆ ಕಡೆಯ ಧೂಳನ್ನು ಕಂಡವರಿಗೆ ಇದು ದೂರದ ಮಾತೆನಿಸದು.

ಒಂದು ಯಂತ್ರದ ಹಿಂದೆ ಇನ್ನೊಂದನ್ನು ನಿಲ್ಲಿಸುವ ಪ್ರಶ್ನೆಯನ್ನು ಚುಟುಕಾಗಿ ಮುಗಿಸುತ್ತೇನೆ. ರೆಕ್ಕೆ ದಾಟಿದ ಗಾಳಿ ಶಕ್ತಿ ಕಳೆದುಕೊಂಡು ಸುಳಿಗಳಿಂದ ತುಂಬಿರುತ್ತದೆ, ಬಹಳ ದೂರ ಸಾಗಿದ ಮೇಲಷ್ಟೇ ಸುತ್ತಲಿನ ಗಾಳಿಯೊಡನೆ ಬೆರೆತು ಚೇತರಿಸಿಕೊಳ್ಳುತ್ತದೆ. ಡೆನ್ಮಾರ್ಕಿನ ಕಡಲಲ್ಲಿರುವ ಹಾರ್ನ್ಸ್ ರೆವ್‌ನ 80 ಯಂತ್ರಗಳಲ್ಲಿ, ನಡುವೆ ರೆಕ್ಕೆವೃತ್ತದ ವ್ಯಾಸದ ಏಳು ಪಟ್ಟು ಅಂತರವಿದ್ದರೂ, ಗಾಳಿ ಸಾಲಿನ ಗುಂಟವೇ ಬಂದಾಗ ಎರಡನೆಯ ಯಂತ್ರ ಮೊದಲನೆಯದಕ್ಕಿಂತ ಶೇಕಡಾ 40ರ ಆಸುಪಾಸು ಕಡಿಮೆ ವಿದ್ಯುತ್ತು ಕೊಡುತ್ತದೆ. ನಮ್ಮಲ್ಲಿ ಗಾಳಿ ಬರುವ ದಿಕ್ಕಿನಲ್ಲಿ ವ್ಯಾಸದ ಏಳು ಪಟ್ಟು, ಅಡ್ಡದಿಕ್ಕಿನಲ್ಲಿ ಐದು ಪಟ್ಟು ಅಂತರವಿಡುವುದು ರೂಢಿ. ಬೆಟ್ಟಸಾಲಿನ ಮೇಲೆ ಒಂದೇ ಸಾಲು ಇರುವುದರಿಂದಲೂ, ಮುಂಗಾರಿನ ಗಾಳಿ ಹೆಚ್ಚುಕಾಲ ಒಂದೇ ಕಡೆಯಿಂದ ಬರುವುದರಿಂದಲೂ ಪಕ್ಕಪಕ್ಕದ ಯಂತ್ರಗಳನ್ನು ಇನ್ನಷ್ಟು ಹತ್ತಿರ ನಿಲ್ಲಿಸಬಹುದು. ಹಳೆಯ 225, 250 ಕಿಲೋವಾಟ್ ಯಂತ್ರಗಳನ್ನು ತೆಗೆದು ದೊಡ್ಡವನ್ನು ಹಾಕುವ ಮಾತು 2016ರ ಕೇಂದ್ರ ನೀತಿಯಿಂದ ಈಚೆಗೆ ನಡೆಯುತ್ತಲೇ ಇದೆ. ಬೆಟ್ಟದ ನೆತ್ತಿಯಲ್ಲಿ ಅತಿ ಎತ್ತರದ ಕಂಬಕ್ಕೆ ಹಣ ಸುರಿಯುವುದಕ್ಕಿಂತ, ಮಧ್ಯಮ ಎತ್ತರದ ಕಂಬಕ್ಕೆ ಉದ್ದ ರೆಕ್ಕೆಯನ್ನು ಜೋಡಿಸುವುದು ಮೇಲು ಎಂದು ನನ್ನ ಎಣಿಕೆ. ಬಯಲಿಗೆಂದು ಮಾಡಿದ ಯಂತ್ರವನ್ನು ಹಾಗೆಯೇ ಬೆಟ್ಟಕ್ಕೆ ಹತ್ತಿಸಿದರೆ ಹಾಕಿದ ದುಡ್ಡಿಗೆ ತಕ್ಕ ಫಲ ಸಿಗದು.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಬೇಕೆನಿಸಿದೆ. ಹಿರಿಯ ರೈತರೊಬ್ಬರು ಎದ್ದು ನಿಂತು, “ಫ್ಯಾನು ಬಂದ ಮೇಲೆ ಮೋಡ ನಿಲ್ತಿಲ್ಲ, ಮಳೆ ಹೋಯ್ತು ಅಂತ ನಮ್ ಕಡೆ ಎಲ್ಲಾ ಅಂತಾರೆ, ತಾವೇನಂತೀರಿ?” ಎಂದು ಕೇಳಿದರು. ಮುಂಗಾರಿನ ಗಾಳಿಯ ಪದರ ಹಲವು ಕಿಲೋಮೀಟರ್ ದಪ್ಪವಿರುತ್ತದೆ. ನಮ್ಮ ಯಂತ್ರದ ರೆಕ್ಕೆಯ ತುದಿ ಮುಟ್ಟುವುದು ನೂರೈವತ್ತು ಇನ್ನೂರು ಮೀಟರು. ಮೋಡವನ್ನು ಅಟ್ಟುವ ಶಕ್ತಿ ಅದಕ್ಕಿಲ್ಲ. ಚಿತ್ರದುರ್ಗ ಜಿಲ್ಲೆ ಪಶ್ಚಿಮಘಟ್ಟದ ಮಳೆಯ ನೆರಳಿನಲ್ಲಿದೆ, ಇಲ್ಲಿನ ವಾರ್ಷಿಕ ಮಳೆ 600 ಮಿಲಿಮೀಟರಿನ ಆಸುಪಾಸು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ 2022ರವರೆಗೆ ಮತ್ತೆ ಕೋಡಿ ಬೀಳಲಿಲ್ಲ. ಆ ಅವಧಿಯ ಬಹುಪಾಲು ದಶಕಗಳಲ್ಲಿ ಈ ಸೀಮೆಯಲ್ಲಿ ಒಂದೂ ಗಾಳಿಯಂತ್ರವಿರಲಿಲ್ಲ. ಹಾಗೆಂದು ಯಂತ್ರಗಳಿಂದ ಸುತ್ತಲಿನ ಹವೆಗೆ ಏನೂ ಆಗುವುದಿಲ್ಲ ಎಂದೂ ನಾನು ಹೇಳುವುದಿಲ್ಲ. ರಾತ್ರಿ ನೆಲದಲ್ಲಿ ಕೂತ ತಂಪುಗಾಳಿಯನ್ನು ರೆಕ್ಕೆಗಳು ಮೇಲಿನ ಬೆಚ್ಚನೆಯ ಗಾಳಿಯೊಡನೆ ಕಲಸುವುದರಿಂದ ದೊಡ್ಡ ಸಮೂಹಗಳ ಅಡಿಯಲ್ಲಿ ರಾತ್ರಿಯ ನೆಲದ ಉಷ್ಣತೆ ತುಸು ಏರುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಉಪಗ್ರಹದ ಅಳತೆಗಳಿಂದ 2012ರಲ್ಲಿ ಇದನ್ನು ತೋರಿಸಲಾಗಿದೆ. ಅದು ಒಂದು ಡಿಗ್ರಿಗಿಂತ ಕಡಿಮೆ, ಅದಕ್ಕೂ ಮಳೆಗೂ ಸಂಬಂಧವಿಲ್ಲ.

ಇನ್ನೊಬ್ಬರು ಹೊಳಲ್ಕೆರೆ ಕಡೆಯ ಅಡಿಕೆ ತೋಟದವರು. ಮನೆಯ ತಾರಸಿಯ ಮೇಲೆ ಸಣ್ಣ ಗಾಳಿಯಂತ್ರ ಹಾಕಿಕೊಂಡು ಬೋರ್‌ವೆಲ್ ಮೋಟರು ಓಡಿಸಬಹುದೇ ಎಂಬುದು ಅವರ ಪ್ರಶ್ನೆ. ತಾರಸಿಯ ಎತ್ತರದಲ್ಲಿ ಗಾಳಿ ನಿಧಾನ, ಮನೆ ಮರಗಳ ಸುಳಿಯೇ ಹೆಚ್ಚು, ರೆಕ್ಕೆ ಚಿಕ್ಕದಾದ್ದರಿಂದ ರೆನಾಲ್ಡ್ಸ್ ಸಂಖ್ಯೆಯೂ ಸಣ್ಣದು. ಮೂರೂ ಸೇರಿ ಅದು ಆಟಿಕೆಯಾಗುತ್ತದೆ. ಅದೇ ಹಣದಲ್ಲಿ ಸೌರ ಪಂಪು ಹಾಕಿಕೊಳ್ಳುವುದು ಮೇಲು ಎಂದೆ. ಜೊತೆಗೆ ಅವರ ತೋಟದ ಪೈಪಿನ ಅಳತೆಯನ್ನು ಕೇಳಿದೆ. ಬೋರಿನಿಂದ ತೊಟ್ಟಿಯವರೆಗೆ ಎರಡು ಇಂಚಿನ ಪೈಪು ಎಂದರು. ಕೊಳವೆಯಲ್ಲಿ ಘರ್ಷಣೆಗೆ ಹೋಗುವ ಶಕ್ತಿ ಒಳವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿರುತ್ತದೆ. ಅಷ್ಟೇ ನೀರನ್ನು ಎರಡೂವರೆ ಇಂಚಿನ ಪೈಪಿನಲ್ಲಿ ಹರಿಸಿದರೆ ಘರ್ಷಣೆಯ ನಷ್ಟ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಬೋರು ಎಷ್ಟು ಆಳವೋ ಅಷ್ಟು ಎತ್ತುವ ಶಕ್ತಿಯಂತೂ ಬೇಕೇ ಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ತೊಟ್ಟಿ ದೂರವಿದ್ದು ಪೈಪು ಉದ್ದವಾಗಿರುವ ತೋಟಗಳಲ್ಲಿ ಪ್ಯಾನೆಲುಗಳ ಸಂಖ್ಯೆ ಹೆಚ್ಚಿಸುವುದಕ್ಕೆ ಮೊದಲು ಪೈಪನ್ನು ಒಂದು ಅಳತೆ ದಪ್ಪ ಮಾಡಿ, ಬೇಡದ ಎಲ್ಬೋಗಳನ್ನು ತೆಗೆದು ನೋಡಬೇಕು. ಅವರು ಪೈಪಿನ ಉದ್ದ, ಬೋರಿನ ಆಳ, ಮೋಟರಿನ ಎಚ್‌ಪಿ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಲೆಕ್ಕವನ್ನು ನಮ್ಮ ಮೂರನೇ ವರ್ಷದ ವಿದ್ಯಾರ್ಥಿಗಳಿಗೆ ಒಪ್ಪಿಸಿದ್ದೇನೆ.